ಇಬ್ಬರು ಕಂಡ ಮುಂಗನಸು

ಹಾಸಿಗೆಯ ಮೇಲೆ ಮಲಗಿದ್ದ ವಕೀಲರು ನಿದ್ದೆಯಲ್ಲಿಯೇ ಟೈಪ್ ಮಾಡುತ್ತಿದ್ದರು. ಎದುರಿಗೆ ಕೀಲಿಮಣೆ ಇರಲಿಲ್ಲ. ಬೆರಳುಗಳು ಗಾಳಿಯಲ್ಲಿ ಒಮ್ಮೆ ಓಡುತ್ತಿದ್ದವು, ಒಮ್ಮೆ ತಡವರಿಸುತ್ತಿದ್ದವು. ಹಣೆಗೆ ಕಟ್ಟಿದ ತೆಳುವಾದ ಪಟ್ಟಿಯಿಂದ ಹೊರಟ ನೀಲಿ ತಂತಿ ಗೋಡೆಯೊಳಗೆ ಸೇರಿಹೋಗಿತ್ತು. ಕಿಟಕಿಯಾಚೆ ಗದಗಿನ ಬಿಸಿಲು. ಅದರಾಚೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಅವಸರವಿಲ್ಲದೆ ತಿರುಗುತ್ತಿದ್ದವು.

ವಕೀಲರ ಹುಬ್ಬು ಗಂಟಿಕ್ಕಿತು.

"ಎರಡನೆಯ ವರ್ಷಕ್ಕೆ ಬಂದಿದ್ದಾರೆ," ಎಂದರು ಡಾ. ಅರುಂಧತಿ ಮುಳಗುಂದ. "ಬ್ಯಾಟರಿ ಸೋಲುವ ಕಾಲ. ಅದಕ್ಕೇ ಮುಖ ಹಾಗಾಗಿದೆ."

ಗಾಜಿನ ಗೋಡೆಯ ಈಚೆ ಬೆಂಚಿನ ಮೇಲೆ ಇಬ್ಬರು ಹುಡುಗಿಯರು ಕುಳಿತಿದ್ದರು. ಒಂದು ತುದಿಗೆ ಜುಬೇದಾ ನದಾಫ, ಇನ್ನೊಂದು ತುದಿಗೆ ರುಕ್ಮಿಣಿ ಲಮಾಣಿ. ನಡುವೆ ಇನ್ನೂ ಇಬ್ಬರು ಕೂರುವಷ್ಟು ಜಾಗವಿತ್ತು. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿರುವ ಇಬ್ಬರೂ ಬೆಳಗಿನಿಂದ ಮಾತು ಬಿಟ್ಟಿದ್ದರು.

ಊರಿನವರು ಕನಸಿನಂಗಡಿ ಎಂದು ಕರೆಯುತ್ತಿದ್ದ ಈ ಜಾಗ ಹುಟ್ಟಿಕೊಳ್ಳಲು ಕಾರಣವಿತ್ತು. ಆ ಕಾಲದ ಲ್ಯಾಪ್‌ಟಾಪುಗಳು ಕೊಂಡು, ಬಳಸಿ, ಬಿಸಾಡುವ ಯಂತ್ರಗಳಾಗಿ ಉಳಿದಿರಲಿಲ್ಲ. ಅವು ರೂಢಿಗಣಕಗಳು. ಒಡೆಯನ ಮಾತು, ಮರೆವು, ಸೋಮಾರಿತನ ಎಲ್ಲವನ್ನೂ ಕಲಿತು ಅವನಂತೆಯೇ ಆಗಿಬಿಡುತ್ತಿದ್ದವು. ಅವು ಎರಡು ನೆಲೆಗಟ್ಟುಗಳಲ್ಲಿ, ಅಂದರೆ ಎರಡು ಪ್ಲಾಟ್‌ಫಾರ್ಮುಗಳಲ್ಲಿ, ಬರುತ್ತಿದ್ದವು. ಜನ ಸುಮ್ಮನೆ ಕಟ್ಟೆ ಎನ್ನುತ್ತಿದ್ದರು. ಬಯಲು ಎಂಬ ಕಟ್ಟೆಯ ಯಂತ್ರವನ್ನು ಯಾರು ಬೇಕಾದರೂ ಬಿಚ್ಚಬಹುದು, ತಿದ್ದಬಹುದು. ಕೆಟ್ಟರೆ ಮಾತ್ರ ನಿಮ್ಮ ಪಾಡು ನಿಮಗೆ. ಕೋಟೆ ಎಂಬ ಕಟ್ಟೆಯ ಯಂತ್ರ ಕೆಡುವುದಿಲ್ಲ, ಅದರ ಬಣ್ಣಗಳಿಗೆ ಸಾಟಿಯಿಲ್ಲ. ಆದರೆ ಒಳಗೇನಿದೆ ಎಂದು ಕೇಳುವ ಹಾಗಿಲ್ಲ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಗುಳೆ ಎನ್ನುತ್ತಿದ್ದರು. ಗುಳೆ ಹೋದವನ ಗಣಕ ಕಲಿತದ್ದರಲ್ಲಿ ಅರ್ಧ ದಾರಿಯಲ್ಲೇ ಉದುರಿಹೋಗುತ್ತಿತ್ತು.

ಹಾಗಾಗಿ ಒಮ್ಮೆ ಆರಿಸಿದರೆ ಆರಿಸಿದಂತೆಯೇ. ಈ ಭಯಕ್ಕೆ ಮದ್ದಾಗಿ ಮುಳಗುಂದ ಮೇಡಂ ಮುಂಗನಸು ಯಂತ್ರವನ್ನು ಕಟ್ಟಿದ್ದರು. ಬೇಕಾದ ಗಣಕದ ಗುಣಗಳನ್ನು ಯಂತ್ರಕ್ಕೆ ಉಣಿಸಿ ಹಾಸಿಗೆಯ ಮೇಲೆ ಮಲಗಿದರೆ ಸಾಕು. ಒಲೆಯ ಮೇಲಿಟ್ಟ ಚಹಾ ಕುದಿಯುವಷ್ಟರಲ್ಲಿ, ಆ ಗಣಕದೊಡನೆ ಕಳೆಯಲಿರುವ ಮೂರು ವರ್ಷಗಳನ್ನು ಕನಸಿನಲ್ಲಿ ಕಳೆದು ಎದ್ದುಬರಬಹುದು.

ವಕೀಲರು ಎದ್ದು ಕೂತು ಸುತ್ತ ನೋಡಿದರು. "ಛೇ," ಎಂದರು, "ಇನ್ನೂ ಕೊಂಡಿಲ್ಲ, ಆಗಲೇ ಹಳೇದಾತು." ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

"ಮುಂದಿನವರು," ಎಂದರು ಮೇಡಂ. ಇಬ್ಬರೂ ಎದ್ದರು, ಇಬ್ಬರೂ ಮತ್ತೆ ಕುಳಿತರು.

ಅವರ ಹಾಸ್ಟೆಲ್ಲಿಗೆ ಸರ್ಕಾರ ಕೋಣೆಗೊಂದು ಗಣಕ ಕೊಡುತ್ತಿತ್ತು. ಯಾವ ಕಟ್ಟೆಯದು ಬೇಕೆಂದು ಕೋಣೆಯವರೇ ಒಮ್ಮತದಿಂದ ಹೇಳಬೇಕು. ಒಮ್ಮತವಾಗದಿದ್ದರೆ ವಾರ್ಡನ್ ಬಳಿ ಸುಲಭದ ಉಪಾಯವಿತ್ತು: ಬಯಲಿನವರು ಪಡುವಣ ಸಾಲಿಗೆ, ಕೋಟೆಯವರು ಮೂಡಣ ಸಾಲಿಗೆ. ಈಗಾಗಲೇ ಊಟದ ಪಂಕ್ತಿಗಳೂ ಹಾಗೆಯೇ ಒಡೆದಿದ್ದವು. ಉಪ್ಪಿನಕಾಯಿಯ ಭರಣಿ ಆ ಕಡೆಯಿಂದ ಈ ಕಡೆಗೆ ಬರುತ್ತಿರಲಿಲ್ಲ. ಜುಬೇದಾಳಿಗೆ ಬಯಲು ಬೇಕು, ರುಕ್ಮಿಣಿಗೆ ಕೋಟೆ. ಸಂಜೆಯೊಳಗೆ ಒಂದೇ ಹೆಸರು ಹೇಳದಿದ್ದರೆ ನಾಳೆಯಿಂದ ಬೇರೆ ಬೇರೆ ಕೋಣೆ. ಮೊದಲ ವರ್ಷದಿಂದ ಇಬ್ಬರೂ ಕೂಡಿ ಮಾಡುತ್ತಿದ್ದ ಕೆಲಸವೊಂದಿತ್ತು: ಗುಡ್ಡದ ಗಾಳಿ ನಾಳೆ ಯಾವ ಕಡೆಯಿಂದ ಬೀಸುತ್ತದೆಂದು ಇಂದೇ ಹೇಳುವ ಗಾಳಿನಕ್ಷೆ. ಲೆಕ್ಕ ಜುಬೇದಾಳದು, ಚಿತ್ರ ರುಕ್ಮಿಣಿಯದು. ಕಟ್ಟೆ ಬೇರೆಯಾದರೆ ಅದೂ ಎರಡು ತುಂಡು.

ಮೊದಲು ಜುಬೇದಾ ಮಲಗಿದಳು. ನದಾಫರ ಮಗಳು, ಹಾಸಿಗೆ ತುಂಬುವ ಮನೆತನ. ಮಲಗುವ ಮುನ್ನ ಕೈಯಿಂದ ಅದುಮಿ ನೋಡಿದಳು.

"ಅರಳಿ ಗಂಟು ಕಟ್ಟೈತ್ರೀ. ಇದರ ಮ್ಯಾಲೆ ಎಂಥಾ ಕನಸು ಬೀಳ್ತಾವು?"

"ನೀನು ಮಲಗಮ್ಮ, ಕನಸಿನ ಚಿಂತೆ ನನಗೆ ಬಿಡು," ಎಂದರು ಮೇಡಂ.

ಬಯಲಿನ ಗಣಕದೊಡನೆ ಅವಳ ಮೂರು ವರ್ಷ ಹಬ್ಬದಂತೆ ಕಳೆದವು. ಅವಳು ಎದ್ದ ಮೇಲೆ ರುಕ್ಮಿಣಿ ಮಲಗಿದಳು. ಕೋಟೆಯ ಗಣಕದೊಡನೆ ಅವಳ ಮೂರು ವರ್ಷಗಳೂ ಹಾಗೆಯೇ ಕಳೆದವು. ಇಬ್ಬರ ಹಟವೂ ಹೋದಾಗಿನದಕ್ಕಿಂತ ಗಟ್ಟಿಯಾಗಿ ಬಂತು.

"ನಾ ಹೇಳಿದ್ದೇ ಖರೆ ಆತು," ಎಂದಳು ಜುಬೇದಾ, ಬೆಳಗಿನಿಂದ ಮೊದಲ ಸಲ ರುಕ್ಮಿಣಿಯೊಡನೆ ಬಾಯಿ ಬಿಟ್ಟು.

"ನಿನ್ನ ಕನಸಿನ್ಯಾಗ ನೀ ಹೇಳಿದ್ದು ಖರೆ ಆಗದ ಮತ್ತ ಯಾರದು ಆಗಬೇಕಿತ್ತು?" ಎಂದಳು ರುಕ್ಮಿಣಿ.

ಮೇಡಂ ನಕ್ಕರು. "ಇವಳಂದದ್ದು ಸರಿ. ಇದನ್ನು ನಾನು ಗಿರಾಕಿಗಳಿಗೆ ಹೇಳುವುದಿಲ್ಲ, ವ್ಯಾಪಾರ ನಿಂತುಹೋಗುತ್ತದೆ. ಗಣಕದ ಗುಣ ನಾನು ಕೊಡುತ್ತೇನೆ. ಉಳಿದದ್ದನ್ನೆಲ್ಲ ಕನಸು ನಿಮ್ಮ ಮನಸ್ಸಿನಿಂದಲೇ ನೂಲುತ್ತದೆ. ಕೆಂಪು ಅರಳೆ ಹಾಕಿದರೆ ಕೆಂಪು ನೂಲು."

"ಹಂಗಾರ ಇಬ್ಬರೂ ಕೂಡಿ ಒಂದೇ ಕನಸು ಕಾಣಾಕ ಬರೂದಿಲ್ಲೇನ್ರೀ?" ಎಂದಳು ರುಕ್ಮಿಣಿ. ಜಗಳಕ್ಕೆಂದೇ ಕೇಳಿದ್ದಳು. "ಆಗ ಈಕಿಗೆ ಗೊತ್ತಾಗ್ತದ."

"ಗೊತ್ತಾಗೂದು ನಿನಗ."

ಮೇಡಂ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು. ಹಾಗೆ ಯಾರೂ ಕೇಳಿರಲಿಲ್ಲ. ಲ್ಯಾಪ್‌ಟಾಪ್ ಒಬ್ಬರ ವಸ್ತು, ಅದರ ಕನಸೂ ಒಬ್ಬರದು ಎಂದೇ ಅವರು ಯಂತ್ರ ಕಟ್ಟಿದ್ದು. "ಅಪಾಯವೇನಿಲ್ಲ," ಎಂದರು ತಡೆದು. "ಇಬ್ಬರ ನೆನಪೂ ಹೆಣೆದುಕೊಳ್ಳಬಹುದು. ಮೊದಲು ಕೋಟೆಯ ಗುಣ ಕೊಡುತ್ತೇನೆ, ಅರ್ಧ ದಾರಿಯಲ್ಲಿ ಬಯಲಿನದು. ಎದ್ದ ಮೇಲೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಒಪ್ಪಿಗೆಯೇ?"

ಹಣೆಗೆ ಕಟ್ಟುವ ಇನ್ನೊಂದು ಪಟ್ಟಿ ತಂದರು. ಹಾಸಿಗೆ ಒಬ್ಬರ ಅಳತೆಯದು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಮಲಗಿದರು.

ಮೊದಲು ಕಿಟಕಿ ಬಂತು. ಅವರ ಕೋಣೆಯದೇ ಕಿಟಕಿ, ಆದರೆ ಗುಡ್ಡ ಹತ್ತಿರಕ್ಕೆ ಸರಿದಿತ್ತು. ಗಾಳಿಯಂತ್ರದ ರೆಕ್ಕೆಯ ನೆರಳು ಸುತ್ತಿ ಸುತ್ತಿ ಗೋಡೆಯ ಮೇಲೆ ಹಾದುಹೋಗುತ್ತಿತ್ತು. ಒಂದು ಸಲ ನೆರಳು ಹಾದರೆ ಒಂದು ವಾರ. ಜುಬೇದಾಳಿಗೆ ಇದು ವಿಚಿತ್ರವೆನಿಸಲಿಲ್ಲ. ಮೇಜಿನ ಮೇಲೆ ಪುಸ್ತಕಗಳು ಕಿಟಕಿಯ ಎತ್ತರಕ್ಕೆ ಬೆಳೆದಿದ್ದವು. ಅವುಗಳ ನಡುವೆ ಗಣಕ ಕೆರೆಯಂತೆ ಮಿನುಗುತ್ತಿತ್ತು. ರುಕ್ಮಿಣಿ ಅದರೊಳಗೆ ಕೈ ಅದ್ದಿ ಗಾಳಿಗೆ ಬಣ್ಣ ಹಚ್ಚುತ್ತಿದ್ದಳು. ಮೂಡಣ ಗಾಳಿಗೆ ಅರಿಸಿನ, ಪಡುವಣ ಗಾಳಿಗೆ ನೇರಳೆ. ಹಚ್ಚಿದ ಬಣ್ಣ ಕಿಟಕಿಯಿಂದ ಹೊರಗೆ ಹೋಗಿ ಗುಡ್ಡದ ಮೇಲೆ ಬೀಸುತ್ತಿತ್ತು.

ಚಹಾ ಇಡಲು ಬೇರೆ ಜಾಗವಿರಲಿಲ್ಲ. ಜುಬೇದಾ ಗಣಕವನ್ನು ಮಡಚಿ ಗಾಜಿನ ಲೋಟವನ್ನು ಅದರ ಮುಚ್ಚಳದ ಮೇಲಿಟ್ಟಳು. ಕೋಟೆಯವರ ಮುಚ್ಚಳ ಆಮೆಯ ಬೆನ್ನಿನಂತೆ ಉಬ್ಬಿದ್ದು. ಲೋಟ ಜಾರಿತು. ಬಿದ್ದು ಒಡೆಯಲು ಅದಕ್ಕೆ ಒಂದು ಋತುವೇ ಹಿಡಿಯಿತು. ಇಬ್ಬರೂ ನೋಡುತ್ತ ನಿಂತಿದ್ದರು, ಯಾರೂ ಕೈ ಚಾಚಲಿಲ್ಲ.

"ನಿನ್ನ ಕೋಟಿಯ ಹಣೇಬರಾ ನೋಡು," ಎಂದಳು ಜುಬೇದಾ.

"ಕೋಟಿ ಸುದ್ದಿ ಬಿಡು," ಎಂದಳು ರುಕ್ಮಿಣಿ. ಎಚ್ಚರದಲ್ಲಿ ಅವಳಿಗಿಲ್ಲದ ಸಮಾಧಾನದ ದನಿ. "ಸೆಮಿನಾರಿನ್ಯಾಗ ನಮ್ಮ ಗಾಳಿನಕ್ಷಿ ತೋರಿಸುವಾಗ ಏನಂದಿ? ಎಲ್ಲಾರ ಮುಂದ? 'ಲೆಕ್ಕ ನಂದು, ಈಕಿ ಚಂದಗಾಣಿಸಿಕೊಟ್ಟಾಳ' ಅಂದಿ. ಗಾಳಿ ತಿರುವಿನ್ಯಾಗ ನಿನ್ನ ಲೆಕ್ಕ ತಪ್ಪಿತ್ತು. ಚಿತ್ರಾ ತಗೀಬೇಕಾದರ ನನ್ನ ಕಣ್ಣಿಗೆ ಬಿತ್ತು. ನಾನ ತಿದ್ದಿ ಕೊಟ್ಟೆ. ಚಂದಗಾಣಸೂದಂದ್ರ ಅದೇನು?"

"ಆಗ ಯಾಕ ಹೇಳಲಿಲ್ಲ?"

"ಹೇಳಿದೆ. ನನಗ ಕೋಟಿ ಬೇಕು ಅಂದೆ."

ಗೋಡೆಯ ಮೇಲೆ ನೆರಳು ಹಾದುಹೋಯಿತು. ರುಕ್ಮಿಣಿಯ ಮಂಚ ಖಾಲಿಯಾಗಿತ್ತು. ಚಾಪೆ ಕೂಡ ಇರಲಿಲ್ಲ.

ಆಮೇಲೆ ಗಣಕ ಬಯಲಿನದಾಯಿತು. ಜುಬೇದಾ ಬಯಸಿದ ಗಣಕ. ಅವಳು ಕೇಳುವ ಮೊದಲೇ ಉತ್ತರ ಕೊಡುತ್ತಿತ್ತು. ಮೊಳೆ ಬಿಚ್ಚಿದರೆ ಹೂವಿನಂತೆ ಅರಳುತ್ತಿತ್ತು. ಒಂದು ಲೆಕ್ಕವೂ ತಪ್ಪಲಿಲ್ಲ. ಗೋಡೆಯ ಮೇಲೆ ನೆರಳು ಸುತ್ತುತ್ತಲೇ ಇತ್ತು. ಹೊರಗೆ ಗಾಳಿಗೆ ಬಣ್ಣವಿರಲಿಲ್ಲ. ಅವಳು ದಿನವೂ ಎರಡು ಲೋಟ ಚಹಾ ಮಾಡುತ್ತಿದ್ದಳು, ಯಾಕೆಂದು ಗಣಕ ಕೇಳುತ್ತಿತ್ತು, ರೂಢಿ ಎನ್ನುತ್ತಿದ್ದಳು. ಗಣಕ ಅದನ್ನೂ ಕಲಿತುಕೊಂಡು ಮರುದಿನದಿಂದ ಕೇಳುವುದನ್ನು ಬಿಟ್ಟಿತು. ಆಮೇಲೂ ಜುಬೇದಾ ಎರಡನೆಯ ಲೋಟ ಇಡುತ್ತಲೇ ಇದ್ದಳು.

ಒಂದು ನೆರಳು ಹಾದಾಗ ರುಕ್ಮಿಣಿ ಮೇಜಿನ ಬಳಿ ನಿಂತಿದ್ದಳು. ಎಲ್ಲಿಗೆ ಹೋಗಿದ್ದಳು, ಯಾಕೆ ಬಂದಳು ಎಂಬುದು ಕನಸಿಗೆ ಬೇಕಿರಲಿಲ್ಲ. ಎರಡನೆಯ ಲೋಟವನ್ನು ತೆಗೆದುಕೊಂಡು ಒಂದು ಗುಟುಕು ಕುಡಿದಳು.

"ಆರೇತಿ," ಎಂದಳು.

"ಹೊತ್ತಾತಲ್ಲ ಮತ್ತ," ಎಂದಳು ಜುಬೇದಾ. "ಗಾಳಿ ತಿರುವು ನೀ ತಿದ್ದಿದ್ದು. ಎಲ್ಲಾರ ಮುಂದ ಹೇಳ್ತೀನಿ."

ರುಕ್ಮಿಣಿ ಲೋಟವನ್ನು ಗಣಕದ ಮುಚ್ಚಳದ ಮೇಲಿಟ್ಟಳು. ಸಪಾಟು ಮುಚ್ಚಳ. ಲೋಟ ನಿಂತಿತು. ಎತ್ತಿದಾಗ ಅಲ್ಲೊಂದು ಕಂದು ಬಣ್ಣದ ಉಂಗುರ ಉಳಿಯಿತು. ಕಿಟಕಿಯಾಚೆ ಅರಿಸಿನದ ಗಾಳಿ ಬೀಸತೊಡಗಿತು.

ಎದ್ದಾಗ ಇಬ್ಬರೂ ಎದುರುಬದುರು ಮುಖ ಮಾಡಿ ಮಲಗಿದ್ದರು. ಮೊದಲು ರುಕ್ಮಿಣಿ ಕಣ್ಣು ಬಿಟ್ಟಳು; ಜುಬೇದಾಳ ಒದ್ದೆಯಾದ ಕಣ್ಣಂಚನ್ನು ನೋಡಿ ತನ್ನ ಓಢಣಿಯ ತುದಿಯನ್ನು ಆ ಕಡೆ ಎಸೆದಳು.

ಮೇಡಂ ಪೆನ್ನು ಹಿಡಿದು ತಯಾರಾಗಿದ್ದರು. "ಹೇಳಿ. ಕೀಲಿಮಣೆ ಹೇಗಿತ್ತು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಬ್ಯಾಟರಿ? ಎಷ್ಟು ಹೊತ್ತು ಬಾಳಿತು?"

"ಲಕ್ಷ್ಯ ಇಲ್ರೀ," ಎಂದಳು ಜುಬೇದಾ.

"ವೇಗ? ಪರದೆ? ಬಿಸಿಯಾಗುತ್ತಿತ್ತೇ? ಮೂರು ವರ್ಷ ಬಳಸಿದ್ದೀರಿ ಅಮ್ಮಾ, ಒಂದಾದರೂ ನೆನಪಿರಬೇಕಲ್ಲ! ಎರಡು ಕಟ್ಟೆಗೂ ಏನು ವ್ಯತ್ಯಾಸ ಕಂಡಿತು?"

ರುಕ್ಮಿಣಿ ಎದ್ದು ಕೂತಳು. "ಒಂದರ ಮ್ಯಾಲೆ ಚಾದ ಗ್ಲಾಸು ಜಾರತಿತ್ತು," ಎಂದಳು. "ಇನ್ನೊಂದರ ಮ್ಯಾಲೆ ನಿಲ್ಲತಿತ್ತು."

"ಅಷ್ಟೇ?"

"ಅಷ್ಟೇರೀ. ನಿಲ್ಲೂದು ಕೊಡ್ರಿ ಅಂತ ವಾರ್ಡನ್‌ಗೆ ಹೇಳತೀವಿ."

"ಕೋಟಿ ಬೇಕಂತಿದ್ದ್ಯಲ್ಲ?" ಎಂದಳು ಜುಬೇದಾ.

"ಬೇಕಾಗಿದ್ದು ಆತಲ್ಲ," ಎಂದಳು ರುಕ್ಮಿಣಿ. "ಅಂದಂಗ ನೀ ಹೇಳಿದ್ದು ಕನಸಿನ್ಯಾಗ. ಎಲ್ಲಾರ ಮುಂದ ಹೇಳೂದು ಇನ್ನೂ ಬಾಕಿ ಐತಿ."

ಜುಬೇದಾ ಆ ಬಾಕಿಯನ್ನು ಸಂಜೆಯ ಊಟದ ಹೊತ್ತಿಗೇ ತೀರಿಸಿದಳು, ಎರಡೂ ಪಂಕ್ತಿಗಳ ನಡುವೆ ನಿಂತು. ಅರ್ಧ ಜನಕ್ಕೆ ಅವಳು ಯಾವ ಗಾಳಿಯ ಸುದ್ದಿ ಹೇಳುತ್ತಿದ್ದಾಳೆಂದೇ ತಿಳಿಯಲಿಲ್ಲ. ರುಕ್ಮಿಣಿ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದಳು.

ಮುಂದೆ ನಡೆದದ್ದು ಊರಿಗೆಲ್ಲ ಗೊತ್ತು. ಇಬ್ಬರು ಮಲಗಬಹುದೆಂಬ ಸುದ್ದಿ ಹಬ್ಬಿದ ಮೇಲೆ ಕನಸಿನಂಗಡಿಯ ಮುಂದೆ ಸಾಲು ಬೆಳೆಯಿತು. ಪಾಲು ಬೇಕೆಂದು ಕೋರ್ಟಿಗೆ ಹೊರಟಿದ್ದ ಅಣ್ಣತಮ್ಮಂದಿರು ಬಂದರು, ನಿಶ್ಚಯವಾದ ಹುಡುಗಹುಡುಗಿಯರು ಬಂದರು. ನೆಪಕ್ಕೆ ಎಲ್ಲರೂ ಲ್ಯಾಪ್‌ಟಾಪ್ ಹೆಸರು ಹೇಳುತ್ತಿದ್ದರು. ಎದ್ದ ಮೇಲೆ ಕೆಲವರು ಕೈ ಹಿಡಿದುಕೊಂಡು ಹೋದರು, ಕೆಲವರು ಬೇರೆ ಬೇರೆ ಬಾಗಿಲಿನಿಂದ ಹೋದರು. ಕೀಲಿಮಣೆಯ ವಿಚಾರ ಒಬ್ಬರಿಗೂ ನೆನಪಿರುತ್ತಿರಲಿಲ್ಲ. ಬಹಳ ಜನ ಮಾತ್ರ ಚಹಾದ ಲೋಟದ ಮಾತೆತ್ತಿದರು. ಮೇಡಂ ಕೊಟ್ಟ ವರದಿಯನ್ನು ಓದಿದ ಕೋಟೆ ಕಂಪನಿಯವರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಮರುವರ್ಷ ಮುಚ್ಚಳವನ್ನು ಸಪಾಟು ಮಾಡಿದರು. ಮಾರಾಟ ಏರಿತು. ಯಾಕೆ ಏರಿತೆಂದು ಅವರ ಯಾವ ಗಣಕವೂ ಹೇಳಲಿಲ್ಲ. ಮೇಡಂ ಮಾತ್ರ ಹಾಸಿಗೆಯನ್ನು ಬಿಚ್ಚಿಸಿ, ಅರಳೆ ಹೊಡೆಸಿ, ಇಬ್ಬರ ಅಳತೆಗೆ ತುಂಬಿಸಿದರು.

ಮುಂಗನಸುಗಳೂ ಕನಸುಗಳೇ, ಕೆಲವು ದಿನಗಳಲ್ಲಿ ಮಾಸಿಹೋಗುತ್ತವೆ. ಹೊಸ ಗಣಕ ಕೋಣೆಗೆ ಬರುವ ಹೊತ್ತಿಗೆ ಜುಬೇದಾಳಿಗೆ ಉಳಿದದ್ದು ಅರಿಸಿನದ ಗಾಳಿ, ಗೋಡೆಯ ಮೇಲೆ ಸುತ್ತುವ ನೆರಳು, ಮುಚ್ಚಳದ ಮೇಲಿನ ಕಂದು ಉಂಗುರ, ಇಷ್ಟೇ. ಅವಳು ಗಣಕವನ್ನು ಪೆಟ್ಟಿಗೆಯಿಂದ ಹೊರತೆಗೆದು, ಪುಸ್ತಕಗಳನ್ನು ಸರಿಸಿ ಮೇಜಿನ ಮೇಲಿಟ್ಟಳು. ಬೆರಳಿನ ಗುರುತು ಕೂಡ ಬಿದ್ದಿರದ ಹೊಳೆಯುವ ಮುಚ್ಚಳ. ರುಕ್ಮಿಣಿ ಚಹಾ ತಂದಳು. ಯಾರ ಅಪ್ಪಣೆಯನ್ನೂ ಕೇಳದೆ, ತುಳುಕುತ್ತಿದ್ದ ಬಿಸಿ ಲೋಟವನ್ನು ಅದರ ಮೇಲೆ ಇಟ್ಟೇಬಿಟ್ಟಳು.

ಬೇರೆ ದಿನವಾಗಿದ್ದರೆ ಜುಬೇದಾ ಕೋಣೆ ಹಾರಿಹೋಗುವಂತೆ ಕೂಗುತ್ತಿದ್ದಳು. ಈಗ ಬಾಗಿ ನೋಡಿದಳು.

"ಒಂಚೂರು ಬಲಕ್ಕ ಸರಸ," ಎಂದಳು. "ಅಲ್ಲಿ ಬಲಕ್ಕಿತ್ತು."

"ಹುಚ್ಚಿ, ಎಡಕ್ಕಿತ್ತು."

"ಬಲಕ್ಕ! ನಾ ಕಂಡೇನಿ."

"ನಾ ಕಂಡಿಲ್ಲೇನು? ಇಟ್ಟಾಕಿ ನಾನ."

ಹೊರಗೆ ಗಾಳಿ ತಿರುಗಿತು. ಚಹಾ ಆರುವವರೆಗೂ ಜಗಳ ನಡೆದೇ ಇತ್ತು.