ಗಡಿಗೆಯೊಳಗೆ ಉಳಿದ ಸಾರು

ಮಣ್ಣಿನ ಗಡಿಗೆಯನ್ನು ಯಂತ್ರದೊಳಗಿಟ್ಟು ರೋಹಿಣಿ ಮುಚ್ಚಳ ಹಾಕಿದಳು. ಒಳಗೆ ನೀಲಿ ಬೆಳಕು ಗಡಿಗೆಯ ಗೋಡೆಯನ್ನು ಸುತ್ತತೊಡಗಿತು. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕುದಿಯುವ ಸಾರಿನ ಪ್ರೋಟೀನ್ ಚೂರುಗಳು ಅಲ್ಲಿ ಸಿಕ್ಕಿಕೊಂಡು ದಶಕಗಟ್ಟಲೆ ಉಳಿಯುತ್ತವೆ. ರಸಶೋಧಕವೆಂಬ ಆ ಯಂತ್ರ ಅವು ಯಾವುದರ ಚೂರುಗಳೆಂದು ಗುರುತಿಸಿ, ಬೇಳೆಹಿಟ್ಟಿನಲ್ಲಿ ಯೀಸ್ಟ್ ಬೆಳೆಸಿ, ಅದೇ ಸಾರನ್ನು ಮತ್ತೆ ಸಿದ್ಧಪಡಿಸುತ್ತಿತ್ತು. ಊಟ ಸೇರದ ಮುದುಕರಿಗೂ ಮಕ್ಕಳಿಗೂ ಅವರು ಮೆಚ್ಚುವ ರುಚಿಯಲ್ಲೇ ಪ್ರೋಟೀನ್ ಒದಗಿಸಬೇಕೆಂದು ರೋಹಿಣಿ ಇದನ್ನು ಮನೆಬಳಕೆಗಾಗಿ ರೂಪಿಸಿದ್ದಳು.

ಗದಗಿನಲ್ಲಿದ್ದ ಅವಳ ಪ್ರಯೋಗಾಲಯಕ್ಕೆ ತನ್ನ ಅವ್ವನ ಗಡಿಗೆ ತಂದವನು ಗುರುಬಸವ. ಐವತ್ತು ದಾಟಿದವನು. ಎಳವೆಯಲ್ಲಿ ಕ್ಷಯ ಬಂದು ಎಲುಬಿನ ಗೂಡಾಗಿದ್ದಾಗ ಅವ್ವ ಹುರುಳಿಕಟ್ಟಿನ ಸಾರು ಕುಡಿಸಿ ಕುಡಿಸಿ ಅವನನ್ನು ಎಬ್ಬಿಸಿ ಕೂರಿಸಿದ್ದಳು. ಅವಳು ತೀರಿಕೊಂಡ ಮೇಲೆ ಹುರುಳಿ, ಅಲಸಂದಿ, ಮಡಕಿ ಎಲ್ಲವನ್ನೂ ಅವನೇ ಬೇಯಿಸಿ ನೋಡಿದ್ದ. ಸಾರು ಚೆನ್ನಾಗಿಯೇ ಆಗುತ್ತಿತ್ತು. ಅವ್ವನದಾಗುತ್ತಿರಲಿಲ್ಲ.

"'ನನ್ನ ಸಾರಿಗೆ ಏನಾಗೇತಿ' ಅಂತ ಹೆಂಡತಿ ದಿನಾ ಬೈತಾಳ್ರಿ ಮೇಡಮ್ಮೋರ," ಎಂದ. "ಏನಂತ ಹೇಳ್ಲಿ? ಸಾಯೂದ್ರಾಗ ಒಮ್ಮೆ ಅದನ್ನ ಕುಡದ್ರ ಸಾಕು."

ಜೊತೆಗೆ ಬಂದಿದ್ದ ಅಕ್ಕ ನೀಲವ್ವ ಗೊಣಗಿದಳು. "ಮನಿಗೆ ನಡಿ. ಆ ಗಡಿಗ್ಯಾಗ ಏನೈತಿ? ತಿಕ್ಕಿ ತಿಕ್ಕಿ ತೊಳದೀನಿ ನಾನು."

"ಅದಕ್ಕ ಇಷ್ಟು ಗೀರು ಬಿದ್ದಾವೇನ್ರಿ?" ರೋಹಿಣಿ ನಕ್ಕಳು. "ಎಷ್ಟು ತಿಕ್ಕಿದ್ರೂ ಒಳಗಿಂದು ಹೋಗಂಗಿಲ್ರಿ."

ನೀಲವ್ವ ನಗಲಿಲ್ಲ.

ಪರದೆಯ ಮೇಲೆ ಹೆಸರುಗಳು ಮೂಡಿದವು. ಹುರುಳಿ. ಬೆಳ್ಳುಳ್ಳಿ. ಆಮೇಲೆ, ಆಡಿನ ಕಾಲೆಲುಬು.

ಗುರುಬಸವನ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಕಡೆ ನೋಡಿ ರೋಹಿಣಿ ಪರೀಕ್ಷೆಯನ್ನು ಮೊದಲಿನಿಂದ ಮಾಡಿದಳು. ಉತ್ತರ ಬದಲಾಗಲಿಲ್ಲ.

"ಅಕ್ಕಾ," ಎಂದ ಗುರುಬಸವ. "ನಿನಗ ಗೊತ್ತಿತ್ತು."

"ಮಗ್ಗಲ ಮನಿ ಮೆಹಬೂಬಿ ಎಲುಬಿನ ರಸ ಸೋಸಿ ಕೊಡ್ತಿದ್ಲು. ಹುಡುಗ ಉಳೀಬೇಕಂದ್ರ ಕುಡಸು ಅಂದಿದ್ಲು. ಸೆರಗಿನಾಗ ಮುಚ್ಚಿ ತಂದು ಅವ್ವ ಹುರುಳಿಕಟ್ಟಿನಾಗ ಬೆರಸ್ತಿದ್ಲು. ಅಪ್ಪಗ ತಿಳಿದಿದ್ರ ಅವ್ವನ್ನ ಮನ್ಯಾಗ ಇಟ್ಕೋತಿದ್ದಿಲ್ಲ."

ಯಂತ್ರ ತುಂಬಿಕೊಟ್ಟ ಬಟ್ಟಲನ್ನು ರೋಹಿಣಿ ಮೇಜಿನ ಮೇಲಿಟ್ಟಳು. "ಇದ್ರಾಗ ಮಾಂಸ ಇಲ್ರಿ. ಎಲ್ಲಾ ಬ್ಯಾಳಿಯಿಂದನ ಆಗೇತಿ. ಕುಡಿಯೂದು ಬಿಡೂದು ನಿಮಗ ಬಿಟ್ಟದ್ದು."

ಗುರುಬಸವ ಬಟ್ಟಲನ್ನು ಎತ್ತಿಕೊಂಡ. ತಳ ಕಾಣುವವರೆಗೆ ಇಳಿಸಲಿಲ್ಲ.

"ಇದಽ," ಎಂದ. "ಅವ್ವ ಇದರ ರುಚಿ ನೋಡ್ತಿದ್ಲೇನು?"

"ಎಲ್ಲೀದು ತಮ್ಮಾ. ಅವ್ವ ಅದನ್ನ ಬಾಯಿಗೆ ಹಾಕ್ತಾಳೇನು? ವಾಸನಿ ಮ್ಯಾಲ ಉಪ್ಪು ಹಾಕಾಕಿ. ನೀ ಕುಡಿಯೂವಾಗ ನಿನ್ನ ಮಾರಿ ನೋಡ್ಕೋತ ಕುಂದರ್ತಿದ್ಲು. ಅಷ್ಟ."

ಜೀವನವಿಡೀ ಅವ್ವನದೆಂದು ಅವನು ಹುಡುಕಿದ್ದ ರುಚಿಯನ್ನು ಅವ್ವ ಒಮ್ಮೆಯೂ ಕಂಡಿರಲಿಲ್ಲ. ಗುರುಬಸವ ಇನ್ನೊಂದು ಬಟ್ಟಲು ಕೇಳಲಿಲ್ಲ.

ರಸಶೋಧಕ ಮನೆಮನೆಗೆ ಬಂದ ವರ್ಷ ಎಷ್ಟೋ ಊರುಗಳಲ್ಲಿ ಹಳೆಯ ಗಡಿಗೆಗಳು, ಗುಟ್ಟು ಹೊರಬೀಳುವ ಮೊದಲೇ, ಕೈಜಾರಿ ಒಡೆದವು. ರೋಹಿಣಿ ಯಂತ್ರಕ್ಕೊಂದು ಪ್ರಶ್ನೆ ಸೇರಿಸಿದಳು: ಸಾರಷ್ಟೇ ಸಾಕೇ, ಅದರಲ್ಲೇನಿದೆ ಎಂಬುದೂ ಗೊತ್ತಾಗಬೇಕೇ? ಬಹಳ ಮಂದಿ ಸಾರಷ್ಟೇ ಸಾಕೆಂದರು. ಅದರಲ್ಲೇನಿದೆ ಎಂದು ಕೇಳಿದವರಿಗೂ ಹೆಸರುಗಳಷ್ಟೇ ಸಿಕ್ಕವು. ಯಾರು ಏನನ್ನು ಬಚ್ಚಿಟ್ಟು ತಂದರು, ಬಡಿಸಿದವಳು ತಾನೇನು ಉಂಡಳು ಎಂಬುದನ್ನು ಯಾವ ರಂಧ್ರವೂ ಹಿಡಿದಿಟ್ಟಿರಲಿಲ್ಲ. ಇದೆಲ್ಲ ಇನ್ನೂ ಬರಬೇಕಾದ ಕಾಲದ ಮಾತು; ಅವರು ಯಂತ್ರದೊಳಗಿಟ್ಟ ಗಡಿಗೆಗಳಲ್ಲಿ ಬಹುಪಾಲು ಇವತ್ತು ನಮ್ಮ ಒಲೆಗಳ ಮೇಲೆ ಕುದಿಯುತ್ತಿರುವಂಥವು. ಬಡಿಸಿ, ಉಣ್ಣುವವರ ಮುಖ ನೋಡುತ್ತ ನಿಂತವರನ್ನು, ನೀವೇನು ಉಂಡಿರೆಂದು ಈಗಲಾದರೆ ಇನ್ನೂ ಕೇಳಬಹುದು.