ಯೋಗಾನಂದರ ಮುನ್ನೂರು ಬೀಜ

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ, ಸಣ್ಣತಾಯಮ್ಮ ದೇವರ ಗೂಡಿನಿಂದ ಕೆಂಪು ಅರಿವೆಯ ಗಂಟನ್ನು ಇಳಿಸಿ ಬಿಚ್ಚಿದಳು. ಒಳಗೆ ಹತ್ತಿಬೀಜಗಳೇನೋ ಇದ್ದವು. ಆದರೆ ಅವು ಯಜಮಾನರ ಬೀಜಗಳಲ್ಲ.

ಆಕೆ ಕೂಗಾಡಲಿಲ್ಲ. ಗಂಟನ್ನು ಹಾಗೇ ಕಟ್ಟಿಟ್ಟು, ನಿನ್ನೆ ಸಂಜೆ ಮನೆಗೆ ಬಂದವರನ್ನೆಲ್ಲ ಕೂಡಲೇ ಕರೆಸುವಂತೆ ಮಗಳು ನಿಸರ್ಗಾಗೆ ಹೇಳಿದಳು.

ಯಜಮಾನರಾದ ಡಾ. ಯೋಗಾನಂದರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಗಿಡದಲ್ಲೇ ಕಂದುಬಣ್ಣಕ್ಕೆ ಅರಳುವ, ಕಡಿಮೆ ನೀರಿಗೆ ಒಗ್ಗುವ ನಾಟಿ ಹತ್ತಿಯ ತಳಿಯೊಂದನ್ನು ಇಪ್ಪತ್ತೆರಡು ವರ್ಷ ತಿದ್ದಿದ ಕೃಷಿ ವಿಜ್ಞಾನಿ ಅವರು. ನಿವೃತ್ತರಾಗಿ ಕಡಲಾಚೆಯ ಫ್ರೀಮಾಂಟಿಗೆ ಬಂದಮೇಲೂ ಮಗಳ ಹಿತ್ತಲಲ್ಲಿ ಅದನ್ನೇ ಬೆಳೆದರು. ಈಗ ಗಂಟಿನಲ್ಲಿ ಉಳಿದಿದ್ದುದು ಮುನ್ನೂರು ಬೀಜ. ‘ಇದಕ್ಕೆ ಒಡೆಯ ಅಂತ ಯಾರೂ ಇರಕೂಡದು. ಬೆಳೆಯೋರಿಗೆ ಹಂಚಿಬಿಡು’ ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದರು. ಅವನ್ನು ಒಯ್ಯಲು ಫ್ರೆಸ್ನೊ ಕಡೆಯ ಸಣ್ಣ ರೈತರು ಆ ಮಧ್ಯಾಹ್ನವೇ ಬರುವವರಿದ್ದರು.

ನಿನ್ನೆ ದೇವರ ಕೋಣೆಗೆ ಕಾಲಿಟ್ಟವರು ಮೂವರು. ಅಳಿಯ ನಾಗಾರ್ಜುನ, ಭಜನೆಯ ಗೆಳತಿ ಸತ್ಯವತಿ, ಯಜಮಾನರ ಶಿಷ್ಯ ತಿರುಮಲೇಶ. ಸಣ್ಣತಾಯಮ್ಮ ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆದು ಕೇಳಿದಳು.

ಅಳಿಯ ದೀಪದ ಎಣ್ಣೆ ಇಡಲು ಹೋಗಿದ್ದನಂತೆ.

‘ಎಷ್ಟು ಹೊತ್ತು ಇದ್ರಿ?’

‘ಅರ್ಧ ನಿಮಿಷ ಅತ್ತೆ. ಈ ವಾರವೆಲ್ಲ ಆ ವಾಸನೆಗೆ ನಾನು ಗರಾಜಿಗೂ ಹೋಗಿಲ್ಲ, ದೇವರ ಮನೇಲಿ ಕೂತ್ಕೋತೀನಾ?’

ಸತ್ಯವತಿ ಹೂವು ಇಡಲು ಹೋಗಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ.

‘ನಾನು ಯಾಕೆ ಕದೀಲಿ ಸಣ್ಣತಾಯಕ್ಕ? ನೀವು ಕೊಟ್ಟಿದ್ದೇ ನಮ್ಮನೆ ಕುಂಡದಲ್ಲಿ ನಾಲ್ಕೆಲೆ ಬಿಟ್ಟಿದೆ. ಇನ್ನು ಭಾನುವಾರ ನಿಮ್ಮ ಜೊತೆ ಮಾಡಿದ ಕೆಲಸ ಇದ್ಯಲ್ಲ, ನನ್ನ ಉಗುರು ಸಂದಿಯಿಂದ ಇನ್ನೂ ಹೋಗಿಲ್ಲ.’

ತಿರುಮಲೇಶ ರೆಡ್‌ವುಡ್ ಸಿಟಿಯ ಒಂದು ಬೀಜದ ಕಂಪನಿಯಲ್ಲಿ ಕೆಲಸದಲ್ಲಿದ್ದ. ಹೋದ ತಿಂಗಳ ಭಜನೆಯಾದ ಮೇಲೆ ಅವನು ಈ ಮನೆಗೆ ಬಂದದ್ದು ನಿನ್ನೆಯೇ. ಗುರುಗಳ ಫೋಟೋಕ್ಕೆ ಕೈಮುಗಿಯಲು ಒಳಗೆ ಹೋಗಿದ್ದೆ ಎಂದ. ಸಣ್ಣತಾಯಮ್ಮ ಗಂಟನ್ನು ಅವನ ಮುಂದೆ ಬಿಚ್ಚಿದಳು. ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದನ್ನೇ ನೋಡಿದ.

‘ಅಮ್ಮ, ಇವು ಮೇಷ್ಟ್ರ ಬೀಜವೇ. ಅದೇ ಗಾತ್ರ, ಅದೇ ಕಂದು ನವಿರು. ದುಃಖದಲ್ಲಿ ನಿಮಗೆ ಹಾಗನ್ನಿಸಿದೆ.’

‘ಸರಿಯಾಗಿ ನೋಡಿದ್ಯಾ?’

‘ಹದಿನೈದು ವರ್ಷ ನೋಡಿದೀನಿ.’

ಸಣ್ಣತಾಯಮ್ಮ ಎದ್ದು ಎಲ್ಲರನ್ನೂ ಒಳಗೆ ಕರೆದಳು. ಅಂಗೈಯಲ್ಲಿ ಬೀಜಗಳನ್ನು ಹರಡಿ ಅಳಿಯನ ಮುಂದೆ ಹಿಡಿದಳು. ನಾಗಾರ್ಜುನ ಮೂಗು ಮುಚ್ಚಿಕೊಳ್ಳಲು ಹೋದವನು ಕೈ ಇಳಿಸಿದ.

‘ಇದು ಅದಲ್ಲ’ ಎಂದ.

‘ಅಲ್ಲ. ಹತ್ತಿಬೀಜದ ಮೈಮೇಲಿನ ನವಿರು ಒಂದಕ್ಕೊಂದು ಅಂಟ್ಕೊಳ್ಳುತ್ತೆ, ಬಿತ್ತೋಕೆ ಬಿಡಲ್ಲ. ಅದಕ್ಕೇ ಸಗಣಿ ಬಗ್ಗಡದಲ್ಲಿ ಉಜ್ಜಿ ಒಣಗಿಸೋದು. ಇಲ್ಲಿ ಸಗಣಿಗೆ ಎಲ್ಲಿ ಹೋಗಲಿ? ನಿಸರ್ಗಾ ಇಂಡಿಯನ್ ಗ್ರೋಸರಿಯಿಂದ ಹೋಮದ ಬೆರಣಿ ತಂದಳು. ಭಾನುವಾರ ಗರಾಜಿನಲ್ಲಿ ಅದನ್ನ ನೆನೆಸಿ, ನಾನೂ ಸತ್ಯವತಿಯೂ ಮುನ್ನೂರಕ್ಕೂ ಮೆತ್ತಿದ್ವಿ. ನಮ್ಮ ಅಳಿಯಂದಿರು ವಾಸನೆ ಅಂತ ವಾರವೆಲ್ಲ ಗೊಣಗಿದ್ರು. ಇದು ಗೊತ್ತಿದ್ದ ಯಾರೇ ಕದ್ದಿದ್ದರೂ ಸಗಣಿ ಮೆತ್ತಿದ ಬೀಜ ಇಟ್ಟಿರೋರು. ಸಗಣಿ ಇಲ್ಲದ ಬೀಜ ಇಟ್ಟವನಿಗೆ ಅದು ಗೊತ್ತಿರಲಿಲ್ಲ. ಹೋದ ತಿಂಗಳು ನೋಡಿದಂಥದ್ದೇ ಗಂಟು ತಂದು ಬದಲಾಯಿಸೋ ಅವಸರದಲ್ಲಿ ಬಿಚ್ಚಿಯೂ ನೋಡಲಿಲ್ಲ. ಅಲ್ವೇನಪ್ಪ ತಿರುಮಲೇಶ?’

ತಿರುಮಲೇಶ ಭೂತಗನ್ನಡಿಯನ್ನು ಮಡಚಿದ. ಮತ್ತೆ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

‘ಗಂಟು ಲ್ಯಾಬು ಸೇರಿ ಆಯ್ತು ಅಮ್ಮ. ಸೋಮವಾರ ಪೇಟೆಂಟಿಗೆ ಅರ್ಜಿ ಹೋಗುತ್ತೆ. ಹೊಸ ತಳಿ ಅಂತ ಮೊದಲು ಬರೆಸಿದವರದ್ದೇ ಹಕ್ಕು. ಮೇಷ್ಟ್ರ ಹೆಸರೂ ಹಾಕಿಸ್ತೀನಿ. ನೀವು ಈ ವಯಸ್ಸಿನಲ್ಲಿ ಕಂಪನಿ ಮೇಲೆ ಹೋರಾಡ್ತೀರಾ?’

‘ಹೋರಾಡ್ತೀನಿ. ಯಾವುದಪ್ಪ ಹೊಸದು? ಹೋದ ತಿಂಗಳ ಭಜನೇಲಿ ಕೊಬ್ಬರಿ ಸಕ್ಕರೆ ಜೊತೆ ಮನೆಗೆ ಮೂರು ಬೀಜ ಅಂತ ಪ್ರಸಾದ ಕೊಟ್ಟೆ. ಫ್ರೀಮಾಂಟು, ಪ್ಲೆಸೆಂಟನ್ ಎರಡೂ ಊರು ಸೇರಿ ನಲವತ್ತು ಮನೇಲಿ ಮೊಳೆತಿದೆ. ತಾರೀಖಿನ ಸಮೇತ ಎಲ್ಲರೂ ಫೋನಿನ ಭಜನೆ ಗ್ರೂಪಿಗೆ ಫೋಟೋ ಹಾಕಿದಾರೆ. ಊರಿಗೇ ಹಂಚಿದ್ದನ್ನ ನಿನ್ನ ಕಂಪನಿ ಹೊಸದು ಅಂತ ಬರೆಸಲಿ, ನಾನೂ ಆ ಕುಂಡಗಳನ್ನ ತಗೊಂಡು ಪೇಟೆಂಟ್ ಆಫೀಸಿಗೇ ಬರ್ತೀನಿ.’

ತಿರುಮಲೇಶ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಸಣ್ಣತಾಯಮ್ಮ ಹತ್ತಿರ ಹೋಗಿ ಅವನ ಬಲಗೈಯನ್ನು ನೋಡಿದಳು.

‘ಆವತ್ತು ಈ ಕೈಗೂ ಮೂರು ಹಾಕಿದ್ದೆ. ಏನು ಮಾಡಿದೆ?’

ತಿರುಮಲೇಶ ಆ ಕೈಯನ್ನು ಜೇಬಿಗೆ ಇಳಿಸಿದ.

‘ಕೇಳಿದ್ದರೆ ಒಂದು ಹಿಡಿ ಕೊಡ್ತಿದ್ದೆ ಕಣೋ. ನಿಮ್ಮ ಮೇಷ್ಟ್ರು ಹಾಗೇ ಕೊಡು ಅಂದಿದ್ದರು.’

ಅವನು ಹೋದಮೇಲೆ ಆಕೆ ಯಜಮಾನರ ಫೋಟೋದ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು.

‘ಫ್ರೆಸ್ನೊದವರು ಬರೋ ಹೊತ್ತಾಯ್ತು. ಬೀಜದ ಬದಲು ಸಸೀನೇ ಕೊಡೋಣ, ಮನೆಗೊಂದು ಕುಂಡ ತರೋಕೆ ಗ್ರೂಪಿನಲ್ಲಿ ಹೇಳು ಎಲ್ಲರಿಗೂ. ಮೊದಲು ಸತ್ಯವತೀದು ಬರಲಿ.’