ಎಡಗಡೆ ನಿಂತವನು

2024ರ ನವೆಂಬರ್ 9, ಶನಿವಾರ. ಬೆಳಗಿನ ಒಂಬತ್ತು ಗಂಟೆ ಹತ್ತು ನಿಮಿಷ. ಗುರುದೇವಿ ಕಾರಿನ ಸ್ಟೀರಿಯೊ ಸದ್ದನ್ನು ಇಪ್ಪತ್ತೆರಡಕ್ಕೆ ತಿರುಗಿಸಿದಳು. ಯಾದಗಿರಿಯ ಚಿತ್ರಶಾಲೆಯ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಗೇಟಿನಾಚೆ ಹೋಯಿತು.

"ಏನ್ರಿ ಮೇಡಂ, ಮದುವಿ ಮೆರವಣಿಗಿ ಹೊಂಟದೇನು?" ಚಿತ್ರಶಾಲೆ ನೋಡಿಕೊಳ್ಳುವ ಉಮೆಸಲ್ಮಾ ಕಾರಿನ ಕಿಟಕಿಗೆ ಬಗ್ಗಿ ಕೂಗಿದಳು.

"ಶಹಾಪುರಕ್ಕ ಹೊಂಟೀನಿ. ಅಲ್ಲಿಂದ ಸುರಪುರ. ಮೂರೂ ಕಡೆ ಒಂದೇ ದಿನದಾಗ ಚಿತ್ರ ನೋಡಿ ಮುಗಸ್ತೀನಿ."

"ಸುರಪುರದಾಗ ಚಿತ್ರ ನೋಡಾಕೋ, ಚಿತ್ರ ಕಾಯೋ ಮನಷ್ಯಾನ್ನ ನೋಡಾಕೋ?"

ಗುರುದೇವಿ ನಕ್ಕು ಗೇರ್ ಹಾಕಿದಳು. 

ಜೊತೆಗೆ ಯಾರೂ ಬೇಡವೆಂದು ಒಬ್ಬಳೇ ಹೊರಟಿದ್ದಳು. ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಈ ಸದ್ದಿಗೆ ಕಾರಣ ಹೇಳಬೇಕಾಗುತ್ತಿತ್ತು.

ಅವಳಿಗೆ ಮೂವತ್ತಮೂರು, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಎಡಗಿವಿ ಕೆಲವು ವರ್ಷಗಳ ಹಿಂದೆ ಒಂದು ಆಪರೇಷನ್ನಿನಲ್ಲಿ ಪೂರ್ತಿ ಹೋಗಿತ್ತು. ಈಗ ಬಲಗಿವಿಯೊಳಗೆ, ಅಕ್ಕಿಕಾಳಿಗಿಂತ ಸಣ್ಣದಾದ ಎಲುಬೊಂದು ನಿಧಾನವಾಗಿ ಬಿಗಿಯುತ್ತಿತ್ತು. ಗುರುವಾರ ಕಲಬುರಗಿಯ ವೈದ್ಯರು ವರದಿ ನೋಡಿ, ಕೇಳುವ ಒಂದೇ ಕಿವಿಗೆ ತಾವು ಕತ್ತರಿ ಹಾಕುವುದಿಲ್ಲ, ಯಂತ್ರ ಹಾಕಿಕೊಳ್ಳಿ ಎಂದಿದ್ದರು. ಇನ್ನೆಷ್ಟು ವರ್ಷ ಕೇಳುತ್ತದೆ ಎಂದು ಅವಳು ಕೇಳಿದಾಗ, ಹೇಳಲಾಗದು ಎಂದಿದ್ದರು. ಯಂತ್ರಕ್ಕೆ ಅಳತೆ ಕೊಟ್ಟು ಬಂದಿದ್ದಳು.

ಮನೆಯಲ್ಲಿ ತಾಯಿ ಬಸ್ಸಮ್ಮ ಅಳಲಿಲ್ಲ. "ಮದುವಿ ಆಗೋತನ ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದಷ್ಟೇ ಹೇಳಿದ್ದಳು.

ಆದ್ದರಿಂದ ಈ ಶನಿವಾರ. ಕಿವಿಯ ಕೆಲಸ ಕಣ್ಣಿಗೆ ವರ್ಗವಾಗುವುದೇ ಆದರೆ, ಕಣ್ಣಿಗೆ ಈಗಿನಿಂದಲೇ ರೂಢಿ ಆಗಲಿ. ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ನೋಡಬೇಕು. ದಾರಿಯುದ್ದಕ್ಕೂ ಸುರಪುರದ ಚಿತ್ರಶಾಲೆ ನೋಡಿಕೊಳ್ಳುವ ಹಣಮೇಶ ಕಳಿಸಿದ ಹಾಡುಗಳನ್ನೆಲ್ಲ ಒಮ್ಮೆ ಪೂರ್ತಿ ಕೇಳಬೇಕು. ಕೊನೆಗೆ ಸುರಪುರದಲ್ಲಿ ಅವನ ಎದುರು ನಿಂತು, ಎರಡು ತಿಂಗಳಿಂದ ಯಾಕೆ ಒಂದು ಅಕ್ಷರವನ್ನೂ ಬರೆದಿಲ್ಲ ಎಂದು ವಿಚಾರಿಸಬೇಕು. ಅವನಿಗೆ ತನ್ನ ಕಿವಿಯ ಸಂಗತಿ ಹೇಳುವುದೋ ಬೇಡವೋ ಎಂಬುದು ಮಾತ್ರ ಭೀಮಾ ಸೇತುವೆ ದಾಟಿದರೂ ತೀರ್ಮಾನವಾಗಲಿಲ್ಲ.

ಸೇತುವೆಯ ಮೇಲೆ ಸ್ಟೀರಿಯೊದಲ್ಲಿ ಏಕತಾರಿ ನುಡಿಯಿತು. ಹಳ್ಳಿಯ ಮುದುಕನೊಬ್ಬ ಹಾಡುತ್ತಿದ್ದ. ಹಾಡಿನ ನಡುವೆ ಯಾರೋ ಕೆಮ್ಮಿದರು. ಆ ಕೆಮ್ಮು ಹಾಡನ್ನು ರೆಕಾರ್ಡ್ ಮಾಡಿದ ಹಣಮೇಶನದು. ಗುರುದೇವಿ ಅದಷ್ಟನ್ನೇ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದಳು.

ದೋರನಹಳ್ಳಿ ಹಿಂದಾಯಿತು. ಹೊಲಗಳಲ್ಲಿ ಹತ್ತಿ ಬಿರಿದು ನಿಂತಿತ್ತು.

ಅವನನ್ನು ಮೊದಲು ಕಂಡದ್ದು ಮಾರ್ಚ್‌ನಲ್ಲಿ. ಸುರಪುರದ ಹಳೆಯ ಚಿತ್ರವೊಂದರ ಹಳದಿ ಬಣ್ಣ ಉದುರುತ್ತಿದೆ, ಅದೇನೆಂದು ನೋಡಿ ಹೇಳಿ ಎಂದು ಕಾಲೇಜಿಗೆ ಕರೆ ಬಂದಿತ್ತು. ಅದು ಹರಿತಾಳ; ಅದರಲ್ಲಿ ವಿಷವಿದೆ, ಬರಿಗೈಯಲ್ಲಿ ಮುಟ್ಟಬೇಡಿ ಎಂದಿದ್ದಳು.

"ಇಷ್ಟು ಚಂದ ಅದ, ಇದು ವಿಷ ಏನ್ರಿ?" ಹಣಮೇಶ ಚಿತ್ರ ಬಿಟ್ಟು ಅವಳ ಹಳದಿ ಸೀರೆಯ ಕಡೆ ನೋಡಿದ್ದ. ನೋಡಿದ್ದು ಅವಳಿಗೆ ಗೊತ್ತಾಯಿತೆಂದು ತಿಳಿದು ಚಾವಣಿ ನೋಡಿದ್ದ.

"ಚಂದ ಇದ್ದದ್ದಕ್ಕ ಕೈಗವಸು ಹಾಕ್ಕೋಬೇಕು."

"ಮುಟ್ಟಂಗಿಲ್ಲ ಅಂತಾತು."

"ಜ್ವಾಕಿಲೆ ಮುಟ್ಟಬೇಕು ಅಂತಾತು."

ಅಲ್ಲಿಂದ ಶುರುವಾದ ಮೆಸೇಜುಗಳು ಸೆಪ್ಟೆಂಬರ್‌ನಲ್ಲಿ, ಅವಳು ಕೊನೆಯ ಬಾರಿ ಸುರಪುರಕ್ಕೆ ಹೋಗಿ ಬಂದ ದಿನದಿಂದ, ನಿಂತುಹೋಗಿದ್ದವು. ಅವನ ಫೋನ್ ಬಂದಾಗಲೆಲ್ಲ ಅವಳು ಎತ್ತದೆ, ಹಿಂದೆಯೇ ಬರೆದು ಉತ್ತರಿಸುತ್ತಿದ್ದಳು. ಬರೆಯುವುದರಲ್ಲಿ ಕಿವಿಗೆ ಕೆಲಸವಿಲ್ಲ.

ಶಹಾಪುರ ಬಂತು. ಊರ ಮೇಲೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟ. ಹಣೆ, ಮೂಗು, ಎದೆ, ಮಡಿಸದ ಕಾಲು. ಚಿತ್ರಶಾಲೆಯಲ್ಲಿಯೂ ಅದೇ ಬೆಟ್ಟದ ಹನ್ನೊಂದು ಚಿತ್ರಗಳಿದ್ದವು. ಪಕ್ಕದ ಜಾಗದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಕಿಟಕಿ ಗಾಜು ನಡುಗುತ್ತಿತ್ತು. ಮೇಲ್ವಿಚಾರಕಿ ಶಿವಲೀಲಾ ಸೆರಗು ಕಿವಿಗೆ ಒತ್ತಿಕೊಂಡು ಕೂಗಿಯೇ ಮಾತಾಡಿದಳು. ಗುರುದೇವಿಗೆ ಒಂದೊಂದು ಮಾತೂ ನೀಟಾಗಿ ಕೇಳಿಸಿತು. ಅವಳ ಕಾಯಿಲೆಯ ವಿಚಿತ್ರ ಗುಣ ಅದು: ಗದ್ದಲದಲ್ಲಿ ಜನ ಧ್ವನಿ ಏರಿಸುತ್ತಾರೆ, ಗದ್ದಲ ಮಾತ್ರ ಅವಳೊಳಗೆ ಬರುವುದಿಲ್ಲ. ಸಂತೆಯಲ್ಲಿ ಅವಳು ಎಲ್ಲರಂತೆ ಇರುತ್ತಾಳೆ. ಚಿತ್ರಶಾಲೆಯಂಥ ಕಡೆ, ಜನ ಮರ್ಯಾದೆಗೆಂದು ಪಿಸುಗುಟ್ಟುವಲ್ಲಿ, ಕಿವುಡಿಯಾಗುತ್ತಾಳೆ.

"ಸುರಪುರಕ್ಕ ಹೊಂಟೀರೇನ್ರಿ? ಹಣಮೇಶಗ ನಾ ಕೇಳಿದೆ ಅಂತ ಹೇಳ್ರಿ. ಹೋಗೂಕಿಂತ ಮೊದಲು ಒಮ್ಮೆ ಬಂದು ಹೋಗು ಅಂತ."

"ಎಲ್ಲಿಗೆ ಹೋಗ್ತಾರ್ರಿ?"

"ಗೊತ್ತಿಲ್ಲೇನು? ವಿಜಯಪುರದ ಕಡೆ ಯಾರೋ ದೊಡ್ಡ ಮಂದಿ ಚಿತ್ರಾ ಕೂಡಿಸ್ಯಾರಂತ. ನೋಡ್ಕೊಳ್ಳಾಕ ಕರದಾರ. ಡಿಸೆಂಬರ್‌ದಾಗ ತಾಯಿನ್ನೂ ಕರ್ಕೊಂಡು ಹೊಂಟಾನ."

ಬೋರ್‌ವೆಲ್ ಯಂತ್ರ ಒಮ್ಮೆಲೇ ನಿಂತಿತು. ಶಿವಲೀಲಾ ಮೆಲ್ಲಗೆ ಇನ್ನೂ ಏನೋ ಹೇಳಿದಳು. ಗುರುದೇವಿಗೆ ಅದು ಕೇಳಿಸಲಿಲ್ಲ. ತಲೆಯಾಡಿಸಿ ಹೊರಬಂದಳು.

ಹತ್ತಿಗೂಡೂರು ದಾಟುವವರೆಗೆ ಹಾಡು ಹಾಕಲಿಲ್ಲ.

ಸುರಪುರದ ಚಿತ್ರಶಾಲೆ ಹಳೆಯ ವಾಡೆಯೊಂದರ ಮಹಡಿಯ ಮೇಲಿದೆ. ಗೋಡೆ ಎಷ್ಟು ದಪ್ಪವೆಂದರೆ ಬಜಾರದ ಸದ್ದು ಮೆಟ್ಟಿಲಲ್ಲೇ ಉಳಿಯುತ್ತದೆ. ಹಣಮೇಶ ಬಾಗಿಲಲ್ಲಿದ್ದ, ಕೈಯಲ್ಲಿ ಧೂಳು ಝಾಡಿಸುವ ಮೆತ್ತನೆಯ ಬ್ರಷ್. ಅವಳನ್ನು ಕಂಡ ಕ್ಷಣ ಮುಖದಲ್ಲಿ ಏನೋ ಬೆಳಗಿತು. ಅದನ್ನು ಅವನೇ ಆರಿಸಿದ.

"ಬರ್ರಿ ಮೇಡಂ."

ಆಗಸ್ಟ್‌ವರೆಗೆ ಅವನ ಬಾಯಲ್ಲಿ ಅವಳು 'ಗುರುದೇವಿಯವರು' ಆಗಿದ್ದಳು.

ಒಳಗೆ ಹೋಗಿ ತನ್ನ ಪ್ರೀತಿಯ ಚಿತ್ರದ ಮುಂದೆ ನಿಂತಳು. ಅಂಗೈಯಗಲದ ಹಾಳೆಯಲ್ಲಿ ಹೆಣ್ಣೊಬ್ಬಳು ತಂಬೂರಿ ಶ್ರುತಿ ಮಾಡುತ್ತಿದ್ದಾಳೆ. ಓಲೆಗೆ, ಬಳೆಗೆ, ತಂಬೂರಿಯ ಅಂಚಿಗೆ ಉಬ್ಬಿಸಿ ಹಾಕಿದ ಬಂಗಾರದ ರೇಕು. ಈ ತಂಬೂರಿ ಯಾರಿಗೂ ಕೇಳಿಸುವುದಿಲ್ಲ; ಇದರ ಮುಂದೆ ಎಲ್ಲರೂ ಸಮ. ಅದಕ್ಕೇ ಇದು ಅವಳಿಗೆ ಇಷ್ಟ.

ಎಡಗಡೆ ಯಾರೋ ಬಂದು ನಿಂತ ಸುಳಿವು. ಕಣ್ಣಂಚಿನಲ್ಲಿ ಅವನ ತುಟಿ ಅಲುಗಿದ್ದು ಕಂಡಿತು. ಗುರುದೇವಿ ಪೂರ್ತಿ ಅವನ ಕಡೆ ತಿರುಗಿದಳು.

"ಇನ್ನೊಮ್ಮೆ ಹೇಳ್ರಿ."

"ಏನಿಲ್ಲ ಬಿಡ್ರಿ."

"ಏನಿಲ್ಲಂದ್ರ ತುಟಿ ಯಾಕ ಅಳ್ಳಾಡಿದ್ವು?"

ನಗು ಅವನ ಬಾಯಂಚಿನವರೆಗೆ ಬಂದು ಹಿಂದಿರುಗಿತು. "ಡಿಸೆಂಬರ್‌ದಾಗ ಹೊಂಟೀನಿ ಅಂದೆ."

"ಶಿವಲೀಲಾ ಅಕ್ಕ ಹೇಳಿದ್ರು. ಯಾಕ ಹೊಂಟೀರಿ?"

"ಪಗಾರ ಚಲೋ ಅದ."

"ಪಗಾರಕ್ಕ ಊರು ಬಿಡೋ ಪೈಕಿ ಅಲ್ಲ ನೀವು."

"ನಾ ಯಾವ ಪೈಕಿ ಅಂತ ನಿಮಗೇನ್ ಗೊತ್ತದ್ರಿ?" ಧ್ವನಿ ಏರಲಿಲ್ಲ, ಇನ್ನೂ ತಗ್ಗಿತು. ಅವಳು ಅವನ ತುಟಿಯ ಮೇಲೆ ಕಣ್ಣು ನೆಟ್ಟು ಕೇಳಬೇಕಾಯಿತು. "ಒಮ್ಮಿನೂ ಫೋನ್ ಎತ್ತಿಲ್ಲ. ಊಟಕ್ಕ ಕರದ್ರ…" ಅಲ್ಲಿಗೇ ನಿಲ್ಲಿಸಿದ.

"ಯಾವ ಊಟಕ್ಕ?"

ಬಣ್ಣ ಅಸಲೋ ನಕಲೋ ಎಂದು ಪರೀಕ್ಷಿಸುವವನಂತೆ ಹಣಮೇಶ ಅವಳ ಮುಖ ನೋಡಿದ.

"ಸೆಪ್ಟೆಂಬರ್‌ದಾಗ. ಇದೇ ಚಿತ್ರದ ಮುಂದ. 'ನಮ್ಮವ್ವ ಅಡಿಗಿ ಮಾಡ್ಯಾಳ, ಊಟಕ್ಕ ಬರ್ರಿ' ಅಂದೆ. ನೀವು ಹೊಳ್ಳಿ ಸೈತ ನೋಡಲಿಲ್ಲ. ಮುಂದಿನ ಚಿತ್ರಕ್ಕ ಹ್ವಾದ್ರಿ. ಅವ್ವ ಉಣ್ಣದ ದಾರಿ ಕಾಯಾಕತ್ತಿದ್ದಳು. ನಮ್ಮ ಮನಿಗೆ ಇದೇನು ಹೊಸಾದಲ್ರಿ, ನಮ್ಮಪ್ಪನ ಕಾಲದಿಂದ ನೋಡೀವಿ. ಖರೆ ನಿಮ್ಮಿಂದ ಬರ್ತದಂತ ಅಂದ್ಕೊಂಡಿರಲಿಲ್ಲ."

 ಎತ್ತದ ಫೋನುಗಳು, ತಿರುಗದ ಮುಖ. ಅವಳ ಕಿವಿಯ ಮೌನಕ್ಕೆ ಅವನು ಜಾತಿಯ ಹೆಸರಿಟ್ಟಿದ್ದ. ಹಾಗೆ ಹೆಸರಿಡುವುದನ್ನು ಅವನ ಮನೆತನಕ್ಕೆ ಕಲಿಸಿದವರು ಅವಳ ಮನೆತನದಂಥವರೇ.

"ಅವತ್ತು ನನ್ನ ಯಾವ ಕಡೆ ನಿಂತಿದ್ರಿ?"

"ಅಂದ್ರ?"

"ಖರೆ ಕೇಳಾಕತ್ತೇನಿ. ನಿಂತು ತೋರಸ್ರಿ."

ಅವಳು ಮತ್ತೆ ಚಿತ್ರಕ್ಕೆ ಮುಖ ಮಾಡಿದಳು. ಅವನು ಒಂದು ಗಳಿಗೆ ಯೋಚಿಸಿ, ಈಗಷ್ಟೇ ನಿಂತಿದ್ದ ಜಾಗಕ್ಕೇ ಬಂದು ನಿಂತ. ಅವಳ ಎಡಕ್ಕೆ.

"ಈ ಕಡೆ ನಂಗ ಕಿವಿ ಇಲ್ರಿ, ಹಣಮೇಶ."

ಮನೆಯ ಹೊರಗೆ ಈ ಮಾತನ್ನು ಅವಳು ಮೊದಲ ಬಾರಿ ಆಡಿದ್ದಳು. ಆಡಿದ ಮೇಲೆ ಉಳಿದದ್ದು ಸುಲಭವಾಗಿ ಬಂತು: ಆಪರೇಷನ್, ಬಿಗಿಯುವ ಎಲುಬು, ಗುರುವಾರದ ವರದಿ, ತಾಯಿಯ ಎಚ್ಚರಿಕೆ.  ಹಣಮೇಶ ಬ್ರಷ್ಷನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವಳ ಬೆನ್ನ ಹಿಂದಿನಿಂದ ಸುತ್ತಿ, ಬಲಗಡೆ ಬಂದು ನಿಂತ.

"ಫೋನು?"

"ಫೋನಿನೊಳಗ ನಿಮ್ಮ ಮಾತು ತಿಳಿಯೂದಿಲ್ಲ. ಬ್ಯಾರೆಯವರಿಗಾದ್ರ ತಿಳೀದಿದ್ರೂ ಹ್ಞೂಂ ಹ್ಞೂಂ ಅಂತೀನಿ. ನಿಮಗ ಹಂಗ ಅನ್ನಾಕ ಮನಸು ಬರಲಿಲ್ಲ."

"ನಾ ಕಳಿಸಿದ ಹಾಡು?"

"ಕೇಳ್ತೀನಿ. ನನ್ನ ಜೋಡಿ ಯಾದಗಿರಿ ಊರೆಲ್ಲಾ ಕೇಳ್ತದ."

ಅವನು ನಕ್ಕ. ಆಮೇಲೆ ಹಣೆ ಉಜ್ಜಿಕೊಂಡ. "ಮೊದಲೇ ಹೇಳಬೇಕಿತ್ತು ನೀವು."

"ನೀವೂ ಒಮ್ಮೆ ವಿಚಾರಸಬೇಕಿತ್ತು."

"ಯಾಕ ನಮ್ಮ ಮನ್ಯಾಗ ಉಣ್ಣಲಿಲ್ಲ ಅಂತ ವಿಚಾರಸೂದು ಅಷ್ಟು ಹಗುರ ಅದೇನ್ರಿ?"

 ಗುರುದೇವಿ ಚಿತ್ರ ಬಿಟ್ಟು ಅವನ ಎದುರಿಗೆ ಬಂದು ನಿಂತಳು.

"ಇವತ್ತು ಅವ್ವಾರು ಏನ್ ಅಡಿಗಿ ಮಾಡ್ಯಾರ?"

"ಕೇಳಿ ಬರ್ಲೇನು?"

"ಬ್ಯಾಡ. ಹ್ವಾದ್ರ ಗೊತ್ತಾಗ್ತದ."

ಹಣಮೇಶನ ಮನೆ ಎರಡು ಓಣಿಯಾಚೆ. ತಾಯಿ ಬಾಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಟ್ಟಿ ಗಂಟಲು. ಗುರುದೇವಿಗೆ ಎಲ್ಲವೂ ಕೇಳಿಸಿತು.

"ಇಕಿನೇ ಏನು? ಅವತ್ತು ಪುಂಡಿಪಲ್ಯ ಮಾಡಿದ್ದೆ, ಸೇಂಗಾ ಹೋಳಿಗಿ ಮಾಡಿದ್ದೆ. ಬರದ ಇವತ್ತು ಬಂದೀಯಲ್ಲವಾ, ಬರೀ ಬ್ಯಾಳಿ ಅದ."

"ಅವತ್ತು ಕರದದ್ದು ಕೇಳಿಲ್ರಿ ಅವ್ವಾರ. ನಂಗ ಒಂದು ಕಿವಿ ಇಲ್ಲ. ಇನ್ನೊಂದೂ ಹೊಂಟದ."

ರೊಟ್ಟಿಯ ಸದ್ದು ನಿಂತಿತು. ಬಾಲಮ್ಮ ಮಗನ ಕಡೆ ನೋಡಿದಳು. "ಕೇಳಲಿಲ್ಲಂದ್ರ ಎದುರಿಗೆ ನಿಂತು ಕರೀಬೇಕಿಲ್ಲೋ? ಬಾಯಿ ಇಲ್ಲೇನು ನಿಂಗ? ಎರಡು ತಿಂಗಳಾತು, ಮನ್ಯಾಗ ನಂಗ ಸೈತ ನಿನ್ನ ಮಾತು ಕೇಳಸವಲ್ದು."

ತಾಟು ಬಂತು. ಬಿಸಿ ರೊಟ್ಟಿ, ಹೆಸರುಬೇಳೆ, ಉಳ್ಳಾಗಡ್ಡಿ. ಗುರುದೇವಿ ತುತ್ತು ಮುರಿದು ಬಾಯಿಗಿಡುವವರೆಗೆ ತಾಯಿ, ಮಗ ಇಬ್ಬರೂ ಅವಳ ಕೈಯನ್ನೇ ನೋಡುತ್ತಿದ್ದರು. ಅವಳಿಗೆ ಆ ನೋಟ ಕಂಡಿತು. ಅದು ಎಷ್ಟು ಹಳೆಯದೆಂದೂ ತಿಳಿಯಿತು. ನಿಧಾನವಾಗಿ ಅಗಿದಳು. ಇನ್ನೊಂದು ರೊಟ್ಟಿ ತಾನೇ ಬೇಡಿದಳು.

ಊಟವಾದ ಮೇಲೆ ಹಣಮೇಶ, "ಇನ್ನ ಡಿಸೆಂಬರಿನ ಮಾತು," ಎಂದು ಶುರು ಮಾಡಿದ.

"ತಡೀರಿ," ಎಂದಳು ಗುರುದೇವಿ. "ಮೊದಲು ಒಂದು ಅಳತಿ ಆಗಬೇಕು. ನಾವು ಮದುವಿ ಆಗ್ತೀವಂದ್ರ ನಮ್ಮ ಮನ್ಯಾಗ ದೊಡ್ಡ ತಕರಾರು ಆಗ್ತದ, ಅದನ್ನ ನಾ ನೋಡ್ಕೋತೀನಿ. ಕಿವೀದು ಮಾತ್ರ ನೀವು ನೋಡಬೇಕು. ಯಂತ್ರ ಹಾಕ್ಕೊಂಡ್ರ ಹಗಲೆಲ್ಲಾ ಚಲೋ ನಡೀತದ. ರಾತ್ರಿ ತೆಗೆದಿಟ್ಟ ಮ್ಯಾಲೆ ಎಷ್ಟು ಉಳೀತದ ಅನ್ನೂದು ಗೊತ್ತಿರದ ನೀವು ಹ್ಞೂಂ ಅನಬ್ಯಾಡ್ರಿ. ಮುಂದಿನ ವರ್ಷ ಇದಕ್ಕಿಂತ ಕಮ್ಮಿ ಇರ್ತದ. ಅದೂ ಗೊತ್ತಿರಲಿ."

ಪಡಸಾಲೆಯ ಆ ತುದಿಗೆ ಅವನನ್ನು ಕಳಿಸಿದಳು. ತಾನು ಈ ಗೋಡೆಗೆ ನಿಂತು, ಬಲಗಿವಿ ಅವನ ಕಡೆಗಿಟ್ಟು, ತುಟಿ ಕಾಣಬಾರದೆಂದು ಕಣ್ಣು ಮುಚ್ಚಿದಳು.

"ನಿಮ್ಮ ಧ್ವನ್ಯಾಗೇ ಮಾತಾಡ್ರಿ. ಜೋರು ಮಾಡಬ್ಯಾಡ್ರಿ. ಮಾತಾಡಕೋತ ಬರ್ರಿ. ಕೇಳಿದ ಕೂಡ್ಲೆ ಕೈ ಎತ್ತತೀನಿ."

"ಏನ್ ಮಾತಾಡ್ಲಿ?"

"ಖರೆ ಅನಸಿದ್ದು."

ಕತ್ತಲೆ. ಸದ್ದಿಲ್ಲ. ಅವನು ಶುರು ಮಾಡಿದನೋ ಇಲ್ಲವೋ ತಿಳಿಯಲಿಲ್ಲ. ಎಲ್ಲಿದ್ದಾನೆ? ಪಡಸಾಲೆಯ ನಡುವಿನಲ್ಲೋ, ಇನ್ನೂ ಆ ತುದಿಯಲ್ಲೋ?  ತಡವಾದಷ್ಟೂ ಅಳತೆ ಚಿಕ್ಕದಾಗುತ್ತಿತ್ತು. ಇಷ್ಟು ಹತ್ತಿರ ಬಂದೂ ಕೇಳಿಸದೇ ಹೋದರೆ? ಕಣ್ಣು ತೆರೆಯಬೇಕೆನಿಸಿತು. ತೆರೆಯಲಿಲ್ಲ.

ಮೊದಲು ಉಸಿರಿನಂಥದ್ದೇನೋ ಬಂತು. ಅದಕ್ಕೆ ನಿಧಾನವಾಗಿ ಅಂಚು ಮೂಡಿತು, ಅಂಚಿನೊಳಗೆ ಮಾತು ಮೂಡಿತು.

"…ಎಲ್ಲಿಗೂ ಹೋಗಂಗಿಲ್ಲ. ನೀವು ಯಂತ್ರ ತೆಗೆದಿಟ್ಟ ಮ್ಯಾಲೆ ಮಾತಾಡೂದಿದ್ರ, ನಾನೇ ಇಲ್ಲಿತನ ಬರ್ತೀನಿ. ಮುಂದಿನ ವರ್ಷ ಇನ್ನೊಂದೀಟು ಹತ್ರ ಬರ್ತೀನಿ."

ಗುರುದೇವಿ ಕೈ ಎತ್ತಿದಳು. 

"ಅಲ್ಲೇ ನಿಂದರ್ರಿ. ಮೊದಲು ಏನೇನ್ ಅಂದ್ರಿ?"

"ಅದು ದೂರಿಂದ ಹೇಳೂ ಮಾತಿತ್ತು. ಬಿಡ್ರಿ ಅದನ್ನ."

ಬಾಲಮ್ಮ ಕೌದಿ ಹೊಲಿಯುವ ಪೆಟ್ಟಿಗೆಯಿಂದ ಟೇಪು ತಂದಳು. "ಇಂಥಾ ನಿಶ್ಚಯ ನಾ ಎಲ್ಲೂ ನೋಡಿಲ್ಲವಾ," ಎಂದು ಒಂದು ತುದಿಯನ್ನು ಮಗನ ತುಟಿಯ ಹತ್ತಿರ ಹಿಡಿದಳು. ಇನ್ನೊಂದನ್ನು ಗುರುದೇವಿ ತನ್ನ ಬಲಗಿವಿಗೆ ತಂದು, ಕಣ್ಣು ತೆರೆದು, ಬೆರಳಿನ ಕೆಳಗಿನ ಅಂಕಿ ಓದಿದಳು.

ಅರವತ್ತೆಂಟು ಸೆಂಟಿಮೀಟರ್.